ಹಡಗಿನ ಮಾಮನ ಕರಡಿಗೆ

ಮಾಮನ ಎಡಗೈಯ ಕೊನೆಯ ಎರಡು ಬೆರಳು ಎಂದೂ ನೆಟ್ಟಗಾಗುತ್ತಿರಲಿಲ್ಲ. ಏನನ್ನೋ ಹಿಡಿದುಕೊಂಡಂತೆ ಅಂಗೈಯೊಳಕ್ಕೆ ಮಡಚಿಕೊಂಡೇ ಇರುತ್ತಿದ್ದವು. ಚಿಕ್ಕವರಿದ್ದಾಗ ನಾವು ಅವನ್ನು ಬಿಡಿಸಲು ಜೋತುಬೀಳುತ್ತಿದ್ದೆವು. "ಮಷೀನಿಗೆ ಸಿಕ್ಕು ಹಿಂಗಾಗ್ಯಾವ, ಬಿಡ್ರಲೇ" ಎಂದು ನಕ್ಕು ಕೈ ಕೊಡವುತ್ತಿದ್ದ. ನಗುವಾಗಲೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಅದೇಕೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅವನು ಅವ್ವನ ಒಬ್ಬನೇ ತಮ್ಮ. ಊರು ಹಡಗಲಿ. ಸರಕಿನ ಹಡಗುಗಳಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಹಡಗಲಿಯವನು ಹಡಗು ಹತ್ತದೆ ಇನ್ನೇನು ಎತ್ತಿನಗಾಡಿ ಹತ್ತುತ್ತಾನೆಯೇ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ನನ್ನ ಅಜ್ಜನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಮಗ ಟ್ರಂಕು ಎತ್ತಿಕೊಂಡು ಹೊರಟ ದಿನ, "ಸಮುದ್ರಕ್ಕ ಹೋದವನ ಎದಿ ಮ್ಯಾಲೆ ಲಿಂಗ ನಿಲ್ಲಂಗಿಲ್ಲ, ತಿಳ್ಕ" ಎಂದು ಹೇಳಿ ಒಳಗೆ ಹೋಗಿಬಿಟ್ಟರಂತೆ. ಮುಖ ಕೊಟ್ಟು ಕಳಿಸಲಿಲ್ಲ.

ಅಜ್ಜನ ಮಾತು ಸುಳ್ಳಾಯಿತು ಎಂಬುದೇ ಅವ್ವನ ಹೆಮ್ಮೆ. ರಜೆಗೆ ಹರಪನಹಳ್ಳಿಯ ನಮ್ಮ ಮನೆಗೆ ಬಂದರೆ ಮಾಮ ಎದ್ದ ಕೂಡಲೇ ಸ್ನಾನ ಮಾಡಿ, ದೇವರ ಕೋಣೆಯ ಬಾಗಿಲು ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದ. ಮುಗಿಯುವವರೆಗೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹೊರಗೆ ಬಂದಾಗ ಹಣೆ ತುಂಬ ವಿಭೂತಿ, ಎದೆಯ ಮೇಲೆ ಹೊಳೆಯುವ ಬೆಳ್ಳಿಯ ಕರಡಿಗೆ. ಲಿಂಗ ಇಟ್ಟುಕೊಳ್ಳುವ ಆ ಡಬ್ಬಿಯನ್ನು ಅವನು ವಾರಕ್ಕೊಮ್ಮೆ ತಿಕ್ಕಿ ಬೆಳಗುತ್ತಿದ್ದ. ನಾನೋ ಕಾಲೇಜು ಸೇರಿದಾಗಲೇ ನನ್ನ ಲಿಂಗವನ್ನು ಬಿಚ್ಚಿ ಬೀರುವಿನಲ್ಲಿ ಇಟ್ಟವಳು. ಚೂಡಿದಾರದೊಳಗೆ ಉಬ್ಬಿ ಕಾಣುತ್ತದೆಂಬ ನಾಚಿಕೆ. ಅವ್ವ ಬೈದರೆ ಬೈಗುಳದ ಕೊನೆಗೆ ಮಾಮ ಬರಲೇಬೇಕು: "ನೀರಾಗಿದ್ರೂ ನನ್ನ ತಮ್ಮ ಪೂಜಿ ಬಿಟ್ಟಿಲ್ಲ. ನೀನು ನೆಲದ ಮ್ಯಾಗ ಇದ್ದು ಬಿಟ್ಟಿ." ಆಗೆಲ್ಲ ಮಾಮ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಸಂಕೋಚದ ಮನುಷ್ಯ, ಹೊಗಳಿದರೆ ಆಗದು ಅಂದುಕೊಂಡಿದ್ದೆ.

ಮಾಮ ಮದುವೆಯಾಗಲಿಲ್ಲ. ಬಟ್ಟೆ ಒಣಹಾಕುವ ಮುಂಚೆ ಆಕಾಶ ನೋಡುತ್ತಿದ್ದ. ಮಂಡಕ್ಕಿ ಪೊಟ್ಟಣಕ್ಕೆ ಅವನು ಹಾಕಿದ ಗಂಟನ್ನು ಬಿಚ್ಚಲು ನಮಗೆ ಹಲ್ಲೇ ಬೇಕಾಗುತ್ತಿತ್ತು. ನಾನೂ ಅವ್ವನೂ ಕಿತ್ತಾಡಿದರೆ ನಡುವೆ ಬಂದು, "ಗಾಳಿ ಜೋಡಿ ವಾದ ಹಾಕಬಾರ್ದು, ಹಾಯಿ ತಿರುವಬೇಕು" ಅನ್ನುತ್ತಿದ್ದ. ಅವ್ವನೇ ಗಾಳಿ, ನಾನೇ ತಿರುವಬೇಕಾದವಳು ಎಂಬುದು ಅದರ ಅರ್ಥ. ನಿವೃತ್ತನಾಗಿ ಊರಿಗೆ ಬಂದ ಮೇಲೆ ತಿಂಗಳಿಗೊಮ್ಮೆಯಾದರೂ ಹಡಗಲಿ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಬರುತ್ತಿದ್ದ. ಆ ಹೂವಿನ ಗಂಟನ್ನು ಅವ್ವನೇ ಬಿಚ್ಚಬೇಕು.

ನಿವೃತ್ತಿಯ ಹಣದಲ್ಲಿ ಅವನೂ ಕಾರವಾರದ ಒಬ್ಬ ಹಳೆಯ ಜೊತೆಗಾರನೂ ಸೇರಿ ಒಂದು ಹಾಯಿದೋಣಿ ಕೊಂಡರು. ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿದ್ದ ಹಳೆಯ ದೋಣಿ. ಪ್ರತಿ ಡಿಸೆಂಬರಿನಲ್ಲಿ ಮಾಮ ಅದರಲ್ಲಿ ಕಡಲಂಚಿನ ಉದ್ದಕ್ಕೂ ತಿರುಗುತ್ತಿದ್ದ. ಇಲ್ಲಿ ನಾವು ಶಾಲು ಹೊದ್ದು ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದರೆ ಅವನು ಫೋನು ಮಾಡಿ, "ಇಲ್ಲಿ ನೀರು ಹಂಡೇದಾಗಿನ ನೀರಿನಂಗ ಬೆಚ್ಚಗ ಐತಿ, ಅಕ್ಕಾ. ಒಮ್ಮೆ ಬಾ" ಅನ್ನುತ್ತಿದ್ದ. ನಾನು ಕಲಿಸುವ ಶಾಲೆಗೆ ಕ್ರಿಸ್‌ಮಸ್ ರಜೆ ಬಂದ ಒಂದು ವರ್ಷ ಅವ್ವ ಹೂಂ ಅಂದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ವಿಭೂತಿ ಗಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪತ್ರಿ, ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು ಎಲ್ಲ ಕಟ್ಟಿಕೊಂಡು ಹೊರಟೆವು.

ಮೊದಲ ದಿನ ಅವ್ವ ಹಗ್ಗ ಬಿಡದೆ ಕೂತಿದ್ದಳು. ಸಂಜೆಯ ಹೊತ್ತಿಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ, ಕಾಲನ್ನು ಬೆಚ್ಚಗಿನ ನೀರಿಗೆ ಇಳಿಬಿಟ್ಟು, "ಗುಡೇಕೋಟಿ ಗುಡ್ಡದಾಗ, ಅಜ್ಜಿ ಮನ್ಯಾಗ ಹುಟ್ಟಿದಾಕಿ ನಾನು. ನಮ್ಮವ್ವ ನೋಡಿದ್ರ ಎದಿ ಒಡ್ಕಂತಿದ್ಲು" ಎಂದು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಾಮ ಚುಕ್ಕಾಣಿ ಹಿಡಿದು ಅವಳನ್ನೇ ನೋಡುತ್ತಿದ್ದ.

ಮಾರನೆಯ ಬೆಳಿಗ್ಗೆ ನಾವು ಏಳುವ ಮುಂಚೆಯೇ ಮಾಮನ ಹಣೆಯಲ್ಲಿ ವಿಭೂತಿ ಇತ್ತು. "ನಂದು ಆತು" ಅಂದ. ಅವ್ವನಿಗೆ ನಾನು ಇಂಜೆಕ್ಷನ್ ಕೊಟ್ಟೆ. ಮನೆಯಲ್ಲೂ ಅದೇ ಕ್ರಮ: ಇಂಜೆಕ್ಷನ್ನು, ಪೂಜೆ, ಆಮೇಲೆ ತಿಂಡಿ. ದೋಣಿಯ ಹಿಂಬದಿಯಲ್ಲಿ ಕೂತು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅವ್ವ ನೀರೆರೆಯುತ್ತಿದ್ದಳು. ಒಂದು ದೊಡ್ಡ ತೆರೆ ಬಂತು. ದೋಣಿ ವಾಲಿತು. ಒದ್ದೆ ಕೈಯಿಂದ ಲಿಂಗ ಜಾರಿ, ಮರದ ಅಂಚಿಗೆ ಬಡಿದು, ನೀರಿಗೆ ಬಿತ್ತು.

ಅವ್ವ ಕೂಗಲಿಲ್ಲ. ಅಂಗೈಯನ್ನು ಹಾಗೇ ಚಾಚಿಕೊಂಡು ಕೂತಿದ್ದಳು. ಕೂಗಿದವನು ಮಾಮ. ಹಾಯಿ ಇಳಿಸಿ, ಎಂಜಿನ್ ಹಚ್ಚಿ, ಬಿದ್ದ ಜಾಗದ ಸುತ್ತ ದೋಣಿ ತಿರುಗಿಸಿದ. ಕಲ್ಲು ತೇಲುವುದಿಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಆದರೂ ತಿರುಗಿಸುತ್ತಲೇ ಇದ್ದ. ಕೊನೆಗೆ ಅವ್ವನೇ, "ಸಾಕು ಬಿಡಪ್ಪ" ಅಂದಳು.

ಲಿಂಗ ಕಳೆದುಕೊಂಡವರು ಹೊಸದು ಕಟ್ಟಿಸಿಕೊಳ್ಳುವವರೆಗೆ ಹನಿ ನೀರೂ ಮುಟ್ಟಬಾರದು ಎಂದು ನಂಬಿದವಳು ಅವಳು. ದಡ ಸೇರಲು ಸಂಜೆಯಾಗುತ್ತಿತ್ತು. ಇಂಜೆಕ್ಷನ್ ಮೈಗೆ ಹತ್ತಿತ್ತು. ತಿನ್ನದಿದ್ದರೆ ಸಕ್ಕರೆ ತೀರ ಇಳಿದು ಜೀವಕ್ಕೇ ಅಪಾಯ ಎಂದು ನನಗೆ ಗೊತ್ತು. ಬೇಡಿಕೊಂಡೆ, ಗದರಿದೆ. ಅವಳ ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು.

"ಲಿಂಗಿಲ್ಲದ ಬಾಯಿಗೆ ಅನ್ನ ಹೆಂಗ ಇಡ್ಲಿ? ಹೋದ್ರ ಹೋತು ಜೀವ" ಅಂದಳು. ಆಮೇಲೆ ನನ್ನನ್ನು ನೋಡಿ, "ಲಿಂಗ ಬಿಚ್ಚಿಟ್ಟಾಕಿಗೆ ಇದು ತಿಳಿಯಂಗಿಲ್ಲ" ಅಂದಳು.

ಮಾಮ ಚುಕ್ಕಾಣಿ ಬಿಟ್ಟು ಬಂದು ಅವಳ ಮುಂದೆ ಮೊಣಕಾಲೂರಿದ. ಕೊರಳಿಂದ ಕರಡಿಗೆ ತೆಗೆದು, ಮುಚ್ಚಳ ಬಿಚ್ಚಿ, ಅವಳ ತೊಡೆಯ ಮೇಲಿಟ್ಟ. ಒಳಗೆ ಏನೂ ಇರಲಿಲ್ಲ. ತಳವೂ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು.

"ಹಡಗು ಹತ್ತಿದ ಮದ್ಲನೇ ವರ್ಷ ಹೋತಕ್ಕ. ನಿನ್ನಂಗ ಪೂಜಿ ಮಾಡಾಕ ಕುಂತಿದ್ದೆ. ಹಿಡಿಯಾಕ ಹೋಗಿ ಕೈ ಕಬ್ಬಿಣದ ಸಂದ್ಯಾಗ ಸಿಕ್ತು. ಈ ಬೆರಳು ಅದಕ್ಕ ಹೋಗ್ಯಾವು, ಮಷೀನಿಗಲ್ಲ." ಅವನು ಅವಳ ಮುಖ ನೋಡದೆ ಹೇಳುತ್ತಿದ್ದ. "ಅಪ್ಪನ ಮಾತು ಖರೇ ಆತಲ್ಲ ಅಂತ ನಾಚಿಗಿ. ಯಾರಿಗಂತ ಹೇಳ್ಲಿ? ಅವತ್ತಿಂದ ಬಾಗ್ಲ ಹಾಕ್ಕಂಡು ಖಾಲಿ ಕೈಗೆ ನೀರು ಹಾಕೀನಿ. ನಿನ್ನ ಮನ್ಯಾಗ, ನಿನ್ನ ಕೈಲೇ ಉಂಡೀನಿ. ಶಿವ ನನ್ನ ಇಷ್ಟು ವರ್ಷ ಇಟ್ಟಾನ. ನಿನ್ನ ಒಂದು ಹೊತ್ತು ಇಡಂಗಿಲ್ಲೇನು? ತಿನ್ನಕ್ಕ."

ಅವ್ವ ಕರಡಿಗೆಯನ್ನು ನೋಡಿದಳು. ಅವನ ಬೆರಳುಗಳನ್ನು ನೋಡಿದಳು. ನಡುಗುವ ಕೈಯಲ್ಲೇ ಅವನ ತಲೆಗೆ ಒಂದು ಬಿಟ್ಟಳು. ಆಮೇಲೆ ರೊಟ್ಟಿ ಮುರಿದು, "ಮದ್ಲು ನೀ ತಿನ್ನಲೇ, ಕಳ್ಳ" ಎಂದು ಅವನ ಬಾಯಿಗಿಟ್ಟು, ಉಳಿದದ್ದನ್ನು ತಾನು ತಿಂದಳು. ನಾನು ಬೆಲ್ಲ ಹುಡುಕುವ ನೆಪದಲ್ಲಿ ದೋಣಿಯ ಒಳಗಿಳಿದೆ. ಅಲ್ಲಿ ನಿಂತು ಅತ್ತೆ.

ಊರಿಗೆ ಬಂದು ಅವ್ವ ನಮ್ಮ ಓಣಿಯ ಅಯ್ಯನವರಿಗೆ ಸಮುದ್ರದಲ್ಲಿ ಆದದ್ದನ್ನು ಹೇಳಿ ಹೊಸ ಲಿಂಗ ಕಟ್ಟಿಸಿಕೊಂಡಳು. ತಾನು ಉಂಡದ್ದನ್ನು ಹೇಳಲಿಲ್ಲ, ತಮ್ಮನದನ್ನೂ ಹೇಳಲಿಲ್ಲ. ನೀನೂ ಕಟ್ಟಿಸ್ಕ ಎಂದು ಅವನಿಗೆ ಮಾತ್ರ ಫೋನಿನಲ್ಲಿ ದುಂಬಾಲು ಬಿದ್ದಳು. "ಈ ವಯಸ್ಸಿಗೆ ಅಯ್ಯನೋರ ಮುಂದ ಏನಂತ ಹೋಗ್ಲಿ, ಮುಂದಿನ ವರ್ಷ ನೋಡಾಮ" ಅನ್ನುತ್ತಿದ್ದ. ನಮ್ಮ ಮನೆಗೆ ಬರುವುದನ್ನೂ ಬಿಟ್ಟ. ಮಲ್ಲಿಗೆ ಮಾತ್ರ ಬರುತ್ತಿತ್ತು, ಹಡಗಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ. ಗಂಟು ಅವನದೇ. ನಾನು ಹೋಗಿ ಕರೆತರಬಹುದಿತ್ತು. ಹೋದರೆ ಅವನಿಗೆ ನಾಚಿಕೆ, ನನಗೂ ನಾಚಿಕೆ ಎಂದು ಸುಮ್ಮನಿದ್ದೆ.

ಒಂದು ಬೇಸಿಗೆಯಲ್ಲಿ, ಮಧ್ಯಾಹ್ನ ಊಟಕ್ಕೆ ಕೂತವನು ಹಾಗೇ ಹೋಗಿಬಿಟ್ಟ.

ಹಡಗಲಿಯ ಮನೆಯಲ್ಲಿ ಅವನನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿದ್ದರು. ನಮ್ಮಲ್ಲಿ ಮಣ್ಣಿಗೆ ಹೋಗುವವರ ಎಡಗೈಯಲ್ಲಿ ಅವರ ಲಿಂಗವನ್ನು ಇಡಬೇಕು. ನೆಂಟರೆಲ್ಲ ಸುತ್ತ ನಿಂತಿದ್ದರು. ಅಲ್ಲಿನ ಹಿರಿಯರೊಬ್ಬರು, "ಕರಡಿಗಿ ಬಿಚ್ರಿ, ಹೊತ್ತಾತು" ಅಂದರು. ಅದು ಖಾಲಿ ಎಂದು ಗೊತ್ತಿದ್ದವರು ಅವ್ವ, ನಾನು ಇಬ್ಬರೇ. ನನಗೆ ಮೊದಲು ನೆನಪಾದದ್ದು ಹರಪನಹಳ್ಳಿಯ ಬೀರುವಿನಲ್ಲಿ, ಹಳೆಯ ಸೀರೆಗಳ ಕೆಳಗೆ ಇದ್ದ ನನ್ನ ಲಿಂಗ. ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬಾರದ ನೆನಪು.

ಅವ್ವ ಎದ್ದಳು. "ನನ್ನ ತಮ್ಮ. ನಾ ಇಡ್ತೀನಿ, ಸರೀರಿ" ಎಂದು ಅವನ ಮುಂದೆ ಕೂತು ಸೆರಗನ್ನು ಇಬ್ಬರ ಮೇಲೂ ಹಾಕಿಕೊಂಡಳು. ಒಳಗೆ ಏನು ಮಾಡಿದಳೆಂದು ಯಾರಿಗೂ ಕಾಣಲಿಲ್ಲ. ಸೆರಗು ತೆಗೆದಾಗ ಮಾಮನ ಅಂಗೈಯಲ್ಲಿ ಲಿಂಗವಿತ್ತು. ಮಡಚಿದ ಎರಡು ಬೆರಳು ಅದನ್ನು ಬಿಗಿಯಾಗಿ ಹಿಡಿದಿದ್ದವು. "ಎಂಥ ಭಕ್ತಿ ನೋಡ್ರಿ, ಸತ್ತ ಮ್ಯಾಲೂ ಬಿಟ್ಟಿಲ್ಲ" ಎಂದು ಯಾರೋ ಕಣ್ಣೊರೆಸಿಕೊಂಡರು.

ಮಣ್ಣು ಮುಗಿದ ಮೇಲೆ ಎಲ್ಲರೂ ಉಂಡರು. ಅವ್ವ ನೀರೂ ಮುಟ್ಟಲಿಲ್ಲ. ನಾನು ಗಾಬರಿಯಾದರೆ, "ಇವತ್ತು ಇಂಜೆಕ್ಷನ್ ತಗಂಡಿಲ್ಲ, ಸುಮ್ನಿರು" ಅಂದಳು.

ಮಾರನೆಯ ಬೆಳಿಗ್ಗೆ ಹರಪನಹಳ್ಳಿಗೆ ಮರಳಿ, ಅವಳ ಜೊತೆ ನಮ್ಮ ಅಯ್ಯನವರ ಮನೆಗೆ ಹೋದೆ. ಪಡಸಾಲೆಯಲ್ಲಿ ಓಣಿಯ ನಾಲ್ಕಾರು ಜನರಿದ್ದರು. ಅವ್ವ ತನ್ನ ಖಾಲಿ ಕರಡಿಗೆ ಬಿಚ್ಚಿ ತೋರಿಸಿದಳು. ಅಯ್ಯನವರ ಮುಖ ಕೆಂಪಾಯಿತು.

"ಕಟ್ಟಿ ಇನ್ನೂ ಎಷ್ಟು ದಿನ ಆತವ್ವಾ? ಲಿಂಗ ಅಂದ್ರ ಆಟದ ಸಾಮಾನೇನು? ಈ ವಯಸ್ಸಿನ್ಯಾಗ ಮತ್ತ ಸಮುದ್ರಕ್ಕ ಹೋಗಿದ್ಯೇನು?"

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನನ್ನ ಕಾಲಬೆರಳು ನೋಡುತ್ತ ನಿಂತೆ. ಅವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

"ಹೂಂರಿ, ಅಯ್ಯನೋರ. ತಮ್ಮ ಕರದಿದ್ದ, ಹೋಗಿದ್ದೆ. ಕೈ ಜಾರಿತ್ರಿ."