ಎಲ್ಲರೂ ಕೂತ ಕಟ್ಟೆ

ದಬ್ಬಳಕ್ಕೆ ಹುರಿ ಪೋಣಿಸಿ ಗೋಣಿಚೀಲ ಹೊಲಿಯಲು ಕೂತರೆ ಸಾಕು, ಸೆಣಬಿನ ಘಾಟು, ಅದಕ್ಕಂಟಿದ ಕೊಬ್ಬರಿ ಎಣ್ಣೆಯ ಜಿಡ್ಡು ವಾಸನೆ ಒಟ್ಟಿಗೆ ಮೂಗಿಗೆ ಬಂದು ಆ ಶನಿವಾರದ ಸಂಜೆ ಕಣ್ಮುಂದೆ ನಿಲ್ಲುತ್ತದೆ.

ಅವತ್ತು ವಿಶೇಷವೇನೂ ಇರಲಿಲ್ಲ. ತಿಪಟೂರಿನ ಹೊರಗಿರುವ ನಮ್ಮ ಕೊಬ್ಬರಿ ಶೆಡ್ಡಿನಲ್ಲಿ ಹೆಂಗಸರೆಲ್ಲ ಮಚ್ಚು ಒರೆಸಿಟ್ಟು, ಸೆರಗಿಗೆ ಹತ್ತಿದ ಕರಟದ ಪುಡಿ ಕೊಡವಿಕೊಂಡು ಹೊರಟಿದ್ದರು. ದೊಡ್ಡಕ್ಕ ಮಾತ್ರ ನನ್ನ ಜಾಗದ ಮುಂದೆ ಕೂತು ಹರಿದ ಗೋಣಿಗೆ ತೇಪೆ ಹಾಕುತ್ತಿದ್ದಳು. ಶೆಡ್ಡಿನ ಕೆಲಸ ನೋಡಿಕೊಳ್ಳುವವಳು ಅವಳೇ. ಅವಳಿಗಿಂತ ವಯಸ್ಸಾದವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ರಸ್ತೆಯಲ್ಲಿ ಬಿಳಿಗೆರೆ ಬಸ್ಸಿನ ಹಾರನ್ ಕೇಳಿಸಿತು. ಅರ್ಧ ಹೊಲಿಗೆಯಲ್ಲೇ ದಬ್ಬಳವನ್ನು ಗೋಣಿಗೆ ಚುಚ್ಚಿಟ್ಟು ಎದ್ದಳು.

"ಮಿಕ್ಕಿದ್ದು ಸೋಮ್ವಾರ ಬುಡು. ಬತ್ತೀನಿ ಕಣೇ."

ನಾನು ಹ್ಞೂಂ ಎಂದೆ. ಸೋಮವಾರ ಬರುವವಳಿಗೆ ಇನ್ನೇನು ಹೇಳುವುದು...

ಭಾನುವಾರ ಬೆಳಗ್ಗೆ ಅವಳಿಗೆ ಎದೆನೋವು ಬಂತಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿದೆ. ಅದಕ್ಕೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತೇನೆ. ಕಾಲು ಮಡಚಿ ನೆಲಕ್ಕೆ ಕೂರಲಾಗುವುದಿಲ್ಲ. ಕೊಬ್ಬರಿ ಒಡೆಯುವ ಕೆಲಸವೋ ನೆಲದಲ್ಲೇ ಕೂತು ಮಾಡುವಂಥದ್ದು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯ ಸಿಪ್ಪೆ ಸುಲಿದು ತಂದು ನಡುವೆ ರಾಶಿ ಹಾಕುತ್ತಾರೆ. ಹೆಂಗಸರು ಸುತ್ತ ಕೂತು, ಮಚ್ಚಿನ ಹಿಂಬದಿಯಿಂದ ಕರಟವನ್ನು ಮೆಲ್ಲಗೆ ಬಡಿದು, ಒಳಗಿನ ಕೊಬ್ಬರಿ ಉಂಡೆಯನ್ನು ಇಡಿಯಾಗಿ ಬಿಡಿಸುತ್ತಾರೆ. ಉಂಡೆ ಹೋಳಾಯಿತೋ, ಅದನ್ನು ಬೇರೆ ತೆಗೆದಿಡಬೇಕು. ಅದಕ್ಕೆ ಇಡಿ ಉಂಡೆಯ ಬೆಲೆ ಸಿಗುವುದಿಲ್ಲ.

ನಾನು ಸೇರಿದ ಹೊಸದರಲ್ಲಿ ಸಾಹುಕಾರರು ಗೋಡೆ ಪಕ್ಕ ಒಂದು ಸ್ಟೂಲು ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದ್ದು. ಆದರೆ ಆ ಎತ್ತರದಿಂದ ಕೈಜಾರಿದ ಉಂಡೆ ಸಿಮೆಂಟು ನೆಲಕ್ಕೆ ಬಿದ್ದು ಹೋಳಾಗುತ್ತಿತ್ತು. ಕಾಯಿ ರಾಶಿಯೂ ದೂರ, ಮಾತೂ ದೂರ. ಕೆಳಗೆ ಎಲ್ಲರೂ ನಕ್ಕರೆ ಯಾಕೆ ನಕ್ಕರೆಂದು ನನಗೆ ತಿಳಿಯುತ್ತಿರಲಿಲ್ಲ. ಕೆಲವು ದಿನ ನೋಡಿ ಸಾಹುಕಾರರು, "ನಿಂಗ್ಯಾಕಮ್ಮ ಈ ಕಷ್ಟ? ಮನೇಲೇ ಇರಬಾರ್ದಾ?" ಎಂದರು.

ಮನೆಯಲ್ಲಿದ್ದರೆ ಪ್ರತಿಯೊಂದಕ್ಕೂ ಅಣ್ಣನ ಮುಖ ನೋಡಬೇಕು. ನಾನು ಬಾಯಿ ತೆಗೆಯುವ ಮೊದಲೇ ದೊಡ್ಡಕ್ಕ ಮಾತಾಡಿದಳು.

"ಕಾಯಿ ಒಡೆಯೋದು ಕೈಯಲ್ವಾ ಸಾಹುಕಾರ್ರೇ? ಅವ್ಳ ಕೈಗೇನಾಗಿದೆ? ಜಾಗ ಸರಿಯಿಲ್ಲ. ಜಾಗ ಸರಿ ಮಾಡನ."

ಮಾರನೆಯ ದಿನ ಹಿತ್ತಲಲ್ಲಿ ಬಿದ್ದಿದ್ದ ಸಿಮೆಂಟು ಇಟ್ಟಿಗೆ ಒಟ್ಟಿಸಿ, ಮೇಲೆ ಹಲಗೆ ಹಾಸಿಸಿದಳು. ನನ್ನ ಜಾಗಕ್ಕೆ ಮಾತ್ರವಲ್ಲ, ರಾಶಿಯ ಸುತ್ತಲೂ. ನಮ್ಮಲ್ಲೇ ಹಿರಿಯಳಾದ ಅಜ್ಜಿಗೆ ಅದು ಹಿಡಿಸಲಿಲ್ಲ.

"ಅವ್ಳೊಬ್ಳಿಗೆ ಕಟ್ಟಿದ್ರೆ ಸಾಕಲ್ವಾ? ನಾವು ಹುಟ್ದಾಗಿಂದ ನೆಲದಲ್ಲೇ ಕುಂತಿರೋರು."

"ಅದ್ಕೇ ಸಂಜೆ ಏಳೋವಾಗ ಅಮ್ಮಾ ಅಪ್ಪಾ ಅಂತೀಯ. ಅವ್ಳೊಬ್ಳನ್ನೇ ಮೇಲೆ ಕೂರ್ಸಿದ್ರೆ ಹಾರ ಹಾಕ್ಬೇಕಾಯ್ತದೆ ಕಣಜ್ಜಿ. ನೀನು ದಿನಾ ಹಾರ ತತ್ತೀಯಾ? ಸುಮ್ನೆ ಪಕ್ಕದಲ್ಲಿ ಕುಂತ್ಕ!"

ಎಲ್ಲರೂ ನಕ್ಕರು. ಯಾಕೆ ನಕ್ಕರೆಂದು ಆ ಸಲ ನನಗೂ ಗೊತ್ತಿತ್ತು.

ಆದರೆ ಕಟ್ಟೆಯಿಂದಲೂ ಉಂಡೆಗಳು ಉದುರಿದವು. ಈಗ ಎಲ್ಲರ ಕೈಯಿಂದಲೂ. ಸಾಹುಕಾರರ ಮುಖ ಗಂಟಿಕ್ಕಿತು. ಸಂಜೆಯೊಳಗೆ ಕಟ್ಟೆ ಕೀಳಿಸುತ್ತಾರೆ, ನನ್ನ ಕೆಲಸವೂ ಅದರ ಜೊತೆಗೇ ಹೋಯಿತು ಎಂದುಕೊಂಡೆ. ದೊಡ್ಡಕ್ಕ ಹಳೇ ಗೋಣಿಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದಳು. ಒಂದು ಅಂಚನ್ನು ಹಲಗೆಗೆ ಮೊಳೆ ಹೊಡೆದು, ಇನ್ನೊಂದನ್ನು ಕೆಳಗೆ ಗೂಟಕ್ಕೆ ಕಟ್ಟಿ, ನಡುವೆ ಮಡಿಲಿನ ಹಾಗೆ ಜೋಲು ಬಿಟ್ಟಳು. ಆಮೇಲೆ ಕೈಜಾರಿದ ಉಂಡೆ ಗೋಣಿಯ ಮೇಲೆ ಉರುಳಿ ಮೆಲ್ಲಗೆ ಕೆಳಗಿಳಿಯಿತು. ಸಾಹುಕಾರರು ತಾವೇ ಒಂದು ಉಂಡೆ ಬೀಳಿಸಿ ನೋಡಿದರು. ಮತ್ತೊಂದು ಬೀಳಿಸಿದರು. ಮನೆಯಲ್ಲಿರು ಎಂಬ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಆ ಅಜ್ಜಿಯೂ ಮತ್ತೆ ನೆಲಕ್ಕಿಳಿಯಲಿಲ್ಲ.

ದೊಡ್ಡಕ್ಕ ಹೋದ ಕೆಲವು ತಿಂಗಳಿಗೆ ತುರುವೇಕೆರೆ ಕಡೆಯ ಒಂದು ಸಂಘದವರು ಬಂದರು. ಅಂಗವಿಕಲರಿಗೆ ಅನುಕೂಲ ಮಾಡಿಕೊಟ್ಟ ಕೆಲಸದ ಜಾಗಗಳನ್ನು ಗುರುತಿಸಿ ಗೌರವಿಸುತ್ತಾರಂತೆ. ನಮ್ಮ ಶೆಡ್ಡಿಗೆ ಒಂದು ಫಲಕ, ಸಾಹುಕಾರರಿಗೆ ಶಾಲು, ನನಗೆ ಸೇವಂತಿಗೆ ಹಾರ. ಸಾಹುಕಾರರು ಶಾಲು ಹೊದೆಸಿಕೊಂಡು, "ಇದು ನಾನು ಮಾಡಿದ್ದಲ್ಲ ಕಣ್ರೀ, ನಮ್ಮ ದೊಡ್ಡಕ್ಕಂದು," ಎಂದರು. ಬಂದವರು ತಲೆಯಾಡಿಸಿದರು. ಫಲಕದ ಮೇಲೆ ಆಗಲೇ ಶೆಡ್ಡಿನ ಹೆಸರು ಬರೆದಾಗಿತ್ತು.

ಆಮೇಲೆ ಫೋಟೊದವನು, "ನೀವೆಲ್ಲ ಸ್ವಲ್ಪ ಎದ್ದು ಪಕ್ಕಕ್ಕೆ ಹೋಗ್ರಮ್ಮ. ಕಟ್ಟೆ ಮೇಲೆ ಅವರೊಬ್ರೇ ಇರ್ಲಿ," ಎಂದ.

ಹೆಂಗಸರು ಏಳತೊಡಗಿದರು. ನನಗೆ ಆ ಗೋಡೆ ಪಕ್ಕದ ಸ್ಟೂಲು ನೆನಪಾಯಿತು. ಜನರೆದುರು ಮಾತಾಡಿ ರೂಢಿಯಿಲ್ಲದವಳು ನಾನು. ಆದರೂ ಹೇಳಿದೆ.

"ಅವ್ರು ಎದ್ರೆ ನಾನೂ ಏಳ್ತೀನಿ. ಇದು ನನ್ನೊಬ್ಳ ಕಟ್ಟೆ ಅಲ್ಲ ಕಣಪ್ಪ."

"ಒಂದು ಫೋಟೊ ಅಷ್ಟೇ ಅಲ್ವೇನಮ್ಮಾ..."

"ಒಂದೇ ಆದ್ರೂ ಎಲ್ಲಾರೂ ಇರೋದು ತೆಗಿ."

ಅಜ್ಜಿ ಧೊಪ್ಪನೆ ನನ್ನ ಪಕ್ಕ ಕೂತಳು. "ತೆಗಿಯೋ ಮಾರಾಯ, ಕಾಯಿ ರಾಶಿ ಹಂಗೇ ಬಿದ್ದೈತೆ," ಎಂದಳು. ಆಮೇಲೆ ನನ್ನ ಕೊರಳಿನ ಹಾರ ನೋಡಿ, "ಕೊನೆಗೂ ತಂದ್ರಲ್ಲೇ ಹಾರಾನ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾರ ತೆಗೆದು ಪಕ್ಕಕ್ಕಿಟ್ಟೆ. ಎಲ್ಲರೂ ಕೈಯಲ್ಲಿ ಮಚ್ಚು ಹಿಡಿದು, ಮುಂದೆ ಗೋಣಿ ಹರಡಿಕೊಂಡು ಕೂತೆವು. ಹಾಗೆಯೇ ಫೋಟೊ ತೆಗೆದ.

ಈಗ ಫಲಕ, ಫೋಟೊ ಎರಡೂ ಗೋಡೆಯ ಮೇಲಿವೆ. ಗೋಣಿ ಹರಿದರೆ ನಾನೇ ಹೊಲಿಯುತ್ತೇನೆ. ಅವಳು ಅರ್ಧಕ್ಕೆ ಬಿಟ್ಟಿದ್ದ ಹೊಲಿಗೆಯನ್ನೂ ಮುಗಿಸಿದ್ದೇನೆ. ನನ್ನದು ಅವಳ ಹೊಲಿಗೆಯಷ್ಟು ಬಿಗಿಯಲ್ಲ, ಆದರೂ ಉಂಡೆ ತಡೆಯುತ್ತದೆ. ಕಟ್ಟೆಯ ಬಾಗಿಲ ಕಡೆಯ ತುದಿಯಲ್ಲಿ, ದೊಡ್ಡಕ್ಕ ಕೂರುತ್ತಿದ್ದಲ್ಲಿ, ಒಬ್ಬರು ಕೂರುವಷ್ಟು ಜಾಗ ಹಾಗೇ ಖಾಲಿ ಇದೆ.