ಕಳೆದೇ ಹೋಗದ ಫೈಲು

ಮೊನ್ನೆ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಬಟ್ಟೆಯ ಗವಸು ಸಿಕ್ಕಿತು. ತಿಳಿನೀಲಿ ಕಾಟನ್ನು, ಅಂಚಿಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಕಸೂತಿಯ ಎರಡು ಗಿಳಿ. ಹಿಂದೆಲ್ಲ ದಪ್ಪ ಮಾನಿಟರಿನ ಮೇಲೆ ಧೂಳು ಕೂರಬಾರದೆಂದು ಹೊದಿಸುತ್ತಿದ್ದೆವಲ್ಲ, ಅದು. ಹೊಲಿದವಳು ನಮ್ಮ ಎದುರುಮನೆಯ ಹೊಲಿಗೆಯಕ್ಕ. ಮೂಗಿಗೆ ಹಿಡಿದರೆ ನುಸಿಗುಳಿಗೆಯ ವಾಸನೆ ಮಾತ್ರ... ಆದರೂ ಕೈ ಅಲ್ಲೇ ನಿಂತಿತು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಶಿರಸಿಯ ನಮ್ಮ ಓಣಿಗೆ ಮೊದಲ ಕಂಪ್ಯೂಟರ್ ಬಂದದ್ದು ನಮ್ಮ ಮನೆಗೆ. ನಾನು ಹುಬ್ಬಳ್ಳಿಯಲ್ಲಿ ಒಂದು ವರ್ಷ ಇದ್ದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಬಂದವಳು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹೊರಗಿನ ಕೋಣೆಯಲ್ಲಿ, ಬಂದವರು ಕುರ್ಚಿಯಲ್ಲಿ ಕೂತರೆ ಸೀದಾ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದ್ದೆ. ಮದುವೆಯ ಕರೆಯೋಲೆ, ಶಾಲೆಗಳ ಪ್ರಶ್ನೆಪತ್ರಿಕೆ, ತಾಳಮದ್ದಲೆಯ ಹ್ಯಾಂಡ್‌ಬಿಲ್ಲು, ಎಲ್ಲ ಟೈಪು ಮಾಡಿಕೊಡುತ್ತಿದ್ದೆ. ಓಣಿಯವರು ‘ಕಂಪ್ಯೂಟರ್ ಮೇಡಮ್’ ಎನ್ನುತ್ತಿದ್ದರು. ಅದು ಕಿವಿಗೆ ಎಷ್ಟು ಹಿತವಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆ.

ಹೊಲಿಗೆಯಕ್ಕ ಸಿದ್ದಾಪುರದ ಕಡೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳು, ಕಲಿತದ್ದು ಏಳನೇ ಇಯತ್ತೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು ಓಣಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಗವಸು ಕೊಡಲು ಬಂದವಳು ಅಂದು ನನ್ನ ಪಕ್ಕದಲ್ಲೇ ನಿಂತು ನೋಡತೊಡಗಿದಳು. ವಾರದೊಳಗೆ ಪ್ರೆಸ್ಸಿಗೆ ಹೋಗಬೇಕಿದ್ದ ಕರೆಯೋಲೆಯೊಂದರ ಜೊತೆ ನಾನು ಒದ್ದಾಡುತ್ತಿದ್ದೆ. ಒಂದಕ್ಷರ ಒತ್ತಿದರೆ ಅದು ಮೂಡುವ ಮೊದಲು ಪರದೆಯ ಮೇಲೆ ಮರಳುಗಡಿಯಾರ ಬಂದು ಕೂರುತ್ತಿತ್ತು. ರಿಪೇರಿಯವನು ಎರಡು ಸಲ ಬಂದು ಎಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟಿದ್ದ. ವಾರ ಕಳೆದರೆ ಮತ್ತದೇ.

“ಮಷಿನ್ ಜಡ ಆತು ಅಂದ್ರೆ ಒಳಗೆ ಎಂತೋ ಸಿಕ್ಕಾಕ್ಕಂಡಿರ್ತು,” ಅಂದಳು. “ಈಗ ಇದ್ರೊಳಗೆ ಎಂತೆಂತ ನಡೀತಾ ಇದ್ದು ಹೇಳಿ ನೋಡಲೆ ಬತ್ತಿಲ್ಯನೇ ತಂಗಿ?”

“ಹಂಗೆಲ್ಲ ನೋಡಲೆ ಬತ್ತಿಲ್ಲೆ ಅಕ್ಕ,” ಅಂದೆ. ಬರುತ್ತದೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹಳೆಯ ಪತ್ರಿಕೆಯ ಒಂದು ಹಾಳೆ ಹಿಡಿದು ಬಂದಳು. ರವಿಕೆಯ ಅಳತೆ ಕತ್ತರಿಸಲು ಅವಳು ಓಣಿಯ ಹಳೇ ಪೇಪರೆಲ್ಲ ಒಟ್ಟು ಮಾಡುತ್ತಿದ್ದಳು, ಕತ್ತರಿ ಹಾಕುವ ಮುಂಚೆ ಒಂದೊಂದು ಹಾಳೆಯನ್ನೂ ಓದುತ್ತಿದ್ದಳು. ಈ ಹಾಳೆಯಲ್ಲಿ ಕಂಪ್ಯೂಟರ್ ಬಗ್ಗೆ ಒಂದು ಅಂಕಣವಿತ್ತು; ತೋಳಿನ ಅಳತೆಯ ಗೆರೆ ಅದರ ಮೇಲೆಯೇ ಹಾದುಹೋಗಿತ್ತು. ಅದರಲ್ಲಿದ್ದಂತೆ ಮೂರು ಕೀಲಿ ಒಟ್ಟಿಗೆ ಒತ್ತಿಸಿದಳು. ಟಾಸ್ಕ್ ಮ್ಯಾನೇಜರ್ ತೆರೆಯಿತು. ಅಷ್ಟು ನನಗೂ ಗೊತ್ತಿತ್ತು. ಆದರೆ ಅದರಲ್ಲಿ ‘ಪ್ರೊಸೆಸಸ್’ ಎಂಬ ಕಡೆಗೆ ನಾನೆಂದೂ ಹೋಗಿರಲಿಲ್ಲ. ಅಲ್ಲಿ ಉದ್ದನೆಯ ಪಟ್ಟಿ. ಪ್ರತಿ ಹೆಸರಿನ ಎದುರು ಅದು ಎಷ್ಟು ಮೆಮೊರಿ ಹಿಡಿದು ಕೂತಿದೆ ಎಂಬ ಅಂಕಿ. ಆ ಅಂಕಿಗಳ ಸಾಲಿನ ತಲೆಬರಹದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವುದು ಮೇಲಕ್ಕೆ ಬರುತ್ತದಂತೆ. ಮಾಡಿದೆ.

ನನ್ನ ಕರೆಯೋಲೆಯ ಪ್ರೋಗ್ರಾಮು ಮೂರನೆಯದಾಗಿತ್ತು. ಎಲ್ಲಕ್ಕಿಂತ ಮೇಲೆ ಇದ್ದದ್ದು, ಕೆಲಸವಿಲ್ಲದಾಗ ಪರದೆಯ ಮೇಲೆ ಈಜಲೆಂದು ಯಜಮಾನರು ಪ್ರತಿ ಸಲವೂ ಯಾವುದೋ ಸಿ.ಡಿ.ಯಿಂದ ಹಾಕುತ್ತಿದ್ದ ಬಣ್ಣದ ಮೀನುಗಳು. ಪರದೆಯ ಮೇಲೆ ಒಂದೂ ಮೀನು ಕಾಣದಿದ್ದರೂ ಒಳಗೆ ಅವು ತಿನ್ನುತ್ತಲೇ ಇದ್ದವು. ನಾನು ಹುರುಪಿನಲ್ಲಿ ಕಂಡದ್ದನ್ನೆಲ್ಲ ಮುಚ್ಚಲು ಹೊರಟೆ. ಅವಳು ನನ್ನ ಕೈ ಹಿಡಿದಳು.

“ಗುರ್ತಿಲ್ದಿದ್ದನ್ನ ಮುಟ್ಟಡ. ಅದಿಲ್ದೆ ಮಷಿನ್ನೇ ನಿಂತ್ಹೋದ್ರೆ?”

ಮೂರು ದಿನ ಬಂದು ಆ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ಎಳೆದಷ್ಟು ನಿಧಾನವಾಗಿ. ಏನು ತೆರೆದಾಗ ಯಾವ ಹೆಸರು ಬರುತ್ತದೆ, ಮುಚ್ಚಿದಾಗ ಯಾವುದು ಹೋಗುತ್ತದೆ... ಕೊನೆಗೆ ಮೀನುಗಳನ್ನೂ ಇನ್ನೆರಡು ಬೇಡದವನ್ನೂ ತೆಗೆದುಹಾಕಿದ ಮೇಲೆ ಕಂಪ್ಯೂಟರ್ ನನ್ನ ಬೆರಳಿಗಿಂತ ಮುಂದೆ ಓಡಿತು. ಕರೆಯೋಲೆ ಹೇಳಿದ ದಿನವೇ ಪ್ರೆಸ್ಸಿಗೆ ಹೋಯಿತು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಅಷ್ಟರಲ್ಲಿ ಓಣಿಯ ಇನ್ನೂ ನಾಲ್ಕಾರು ಮನೆಗೆ ಕಂಪ್ಯೂಟರ್ ಬಂದಿತ್ತು. ಡಾಕ್ಟರ ಮನೆಯವರು ಅವಳನ್ನು ಕರೆದರು, ವಕೀಲರ ಮನೆಯವರು ಕರೆದರು. ರವಿಕೆಗೆ ಸೂಜಿ ಸಿಕ್ಕಿಸಿಕೊಂಡೇ, ನೋಟ್‌ಬುಕ್ಕು ಹಿಡಿದು ಅವಳು ನಮ್ಮ ಕಿಟಕಿಯ ಮುಂದೆ ಹಾದುಹೋಗುವಾಗ ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ. ಒಂದು ದಿನ ನಮ್ಮ ಪ್ರಿಂಟರ್ ಕೆಟ್ಟಿತು. ಯಜಮಾನರು ಸಹಜವಾಗಿ, “ಹೊಲಿಗೆಯಕ್ಕನ್ನ ಕರಿಯೇ, ಬಂದು ನೋಡ್ತು,” ಅಂದುಬಿಟ್ಟರು. ನನ್ನ ಸರ್ಟಿಫಿಕೇಟಿನ ಕೆಳಗೇ ನಿಂತು ಅಂದ ಮಾತು. ಅಂದು ನಾನು ಊಟಕ್ಕೆ ಏಳಲಿಲ್ಲ; ತಲೆನೋವು ಅಂದೆ.

ಹೊಟ್ಟೆಕಿಚ್ಚಿಗೆ ದಾರಿಯೂ ಬೇಗ ಸಿಕ್ಕಿತು. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಬಂದ ಒಬ್ಬ ಹೆಡ್‌ಮಾಸ್ತರರು, ತಮ್ಮ ಹೈಸ್ಕೂಲಿಗೆ ಹತ್ತು ಕಂಪ್ಯೂಟರ್ ಬಂದಿವೆ, ನೋಡಿಕೊಳ್ಳಲು ನಿಮ್ಮ ಎದುರುಮನೆಯವರನ್ನು ಕೇಳಬೇಕೆಂದಿದ್ದೇನೆ, ಹೇಗೆ ಎಂದರು. ನಾನು ಕೀಲಿಮಣೆಯಿಂದ ಕಣ್ಣೆತ್ತದೆ ಹೇಳಿದೆ: “ಒಳ್ಳೆಯವರು ಸರ್. ಆದರೆ ಪೇಪರ್ ನೋಡಿಕೊಂಡು ಏನೇನೋ ಒತ್ತುತ್ತಾರೆ. ನನ್ನದೊಂದು ಫೈಲೇ ಹೋಯಿತು.”

ಯಾವ ಫೈಲೂ ಹೋಗಿರಲಿಲ್ಲ.

ಹದಿನೈದು ದಿನದಲ್ಲಿ ಆ ಕೆಲಸ ನನಗೇ ಬಂತು. ಸೇರುವ ಹಿಂದಿನ ಸಂಜೆ ಹೊಲಿಗೆಯಕ್ಕ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ತಂಗಿ, ನಿನ್ನ ಯಾವ ಫೈಲೇ ಹೋದದ್ದು? ಮಾಸ್ತರ ಹತ್ರ ಕೇಳಿ ಗೊತ್ತಾತು. ಹೆಸ್ರು ಹೇಳು, ಹುಡ್ಕಿ ಕೊಡ್ತೆ.”

ಅವಳ ಮುಖ ನೋಡಿದೆ. ಕೊಂಕು ಇರಲಿಲ್ಲ... ಇದ್ದರೂ ನನಗೆ ಕಾಣಲಿಲ್ಲ.

“ಸಿಕ್ತು ಅಕ್ಕ. ಆಮೇಲೆ ಸಿಕ್ತು.”

“ಸಿಕ್ತಾ? ಹಾಂಗಾರೆ ಅಡ್ಡಿಲ್ಲೆ,” ಅಂದು ಮೆಟ್ಟಿಲಿಳಿದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಶಾಲೆಯಲ್ಲಿ ಮೊದಲ ತಿಂಗಳೇ ನಾನು ಮಕ್ಕಳಿಗೆ ಆ ಪಟ್ಟಿಯನ್ನು ತೆರೆದು ತೋರಿಸಿದೆ, ಅವಳು ಮಾಡಿದ ಹಾಗೆಯೇ ಹೆಸರು ಬರೆಸಿದೆ. ಯಾರಿಂದ ಕಲಿತೆ ಎಂದು ಹೇಳಲಿಲ್ಲ. ಮರುವರ್ಷ ಅವಳು ಹೊಲಿಗೆ ಮಷಿನ್ನು ಕಟ್ಟಿಕೊಂಡು ಯಲ್ಲಾಪುರದ ತಂಗಿಯ ಮನೆಗೆ ಹೋದಳು. ಟೆಂಪೋಗೆ ಸಾಮಾನು ತುಂಬುವ ಹೊತ್ತಿಗೆ ನಾನು ಶಾಲೆಯಲ್ಲಿದ್ದೆ. ಅರ್ಧ ದಿನ ರಜೆ ಕೇಳಬಹುದಿತ್ತು...

ಕೆಲವು ವರ್ಷ ಕಳೆದು ಅವಳು ತೀರಿಕೊಂಡಳು. ನನಗೆ ಗೊತ್ತಾದದ್ದು ತಿಂಗಳ ಮೇಲೆ. ಯಲ್ಲಾಪುರಕ್ಕೆ ಹೋದೆ. ಅವಳ ತಂಗಿಯ ಮಗಳು ನಾನು ಶಿರಸಿಯಿಂದ ಬಂದವಳೆಂದ ಕೂಡಲೇ, “ಕಂಪ್ಯೂಟರ್ ಮೇಡಮ್ ಅಲ್ದಾ?” ಎಂದು ಮುಖ ಅರಳಿಸಿದಳು. “ದೊಡ್ಡಾಯಿ ನಿಮ್ಮ ಸುದ್ದಿ ಯಾವಾಗ್ಲೂ ಹೇಳ್ತಿತ್ತು. ಅಷ್ಟು ದುಬಾರಿ ಮಷಿನ್ನ, ಏಳನೇ ಇಯತ್ತೆ ಕಲ್ತ ಎನ್ನ ಕೈಗೆ ನಂಬಿ ಕೊಟ್ಟಿದ್ದು ಆ ಮೇಡಮ್ ಒಂದೇಯ, ಹೇಳಿ.”

ನನಗೆ ಅಳು ಬರಬೇಕಿತ್ತು. ಮೊದಲು ಬಂದದ್ದು ಅದೇ ಹಳೆಯ ಉರಿ. ಕಂಪ್ಯೂಟರಿನಲ್ಲಿ ನನ್ನನ್ನು ಹಿಂದೆ ಹಾಕಿದ್ದು ಸಾಲದೆ, ಒಳ್ಳೆಯತನದಲ್ಲೂ ಹಿಂದೆ ಹಾಕಿ ಹೋದಳಲ್ಲ ಎಂದು... ಸತ್ತವಳ ಮನೆಯಲ್ಲಿ ಕೂತು ಸತ್ತವಳ ಮೇಲೆ ಕರುಬಿದೆ. ಚಹವನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ. ಅಳು ಬಂದದ್ದು ಮಂಚಿಕೇರಿ ದಾಟಿದ ಮೇಲೆ.

ಆ ಹೆಡ್‌ಮಾಸ್ತರರೂ ಈಗಿಲ್ಲ. ನಾನಾಡಿದ ಸುಳ್ಳು ಇಷ್ಟು ವರ್ಷ ನನ್ನೊಬ್ಬಳ ಬಳಿಯೇ ಇತ್ತು. ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚಿ ಮಡಚಿದರು.

“ಹೊಲಿಗೆಯಕ್ಕಂಗೆ ಅವತ್ತೇ ಗೊತ್ತಿತ್ತು ಕಾಣ್ತು,” ಅಂದರು.

ಇರಬಹುದು. ಗೊತ್ತಿದ್ದೂ ಬಾಗಿಲಲ್ಲಿ ನಿಂತು, ನಿಜ ಹೇಳಲು ನನಗೊಂದು ಅವಕಾಶ ಕೊಟ್ಟಿದ್ದಳೇನೋ... ಕೇಳೋಣವೆಂದರೆ ಅವಳಿಲ್ಲ.