ಹಬೆ ಡಬ್ಬಿಗೆ ಇಂಗು

ವಾಸನೆಯ ವಿಷಯದಲ್ಲಿ ನನ್ನದು ಹಾಳು ಮೂಗು. ಒದ್ದೆ ಒರೆಸುಬಟ್ಟೆ, ಸರಿಯಾಗಿ ತೊಳೆಯದ ಹಾಲಿನ ಪಾತ್ರೆ, ಬಸ್ಸಿನಲ್ಲಿ ಪಕ್ಕದವರ ತಲೆಯ ಎಣ್ಣೆ, ಯಾವುದೂ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಬೇರೆಯವರಿಗೆ ಬರುವ ಮೊದಲೇ ನನಗೆ ಬರುತ್ತದೆ, ಅವರಿಗೆ ಹೋದ ಮೇಲೂ ನನ್ನಲ್ಲೇ ಉಳಿಯುತ್ತದೆ. ಇಂಥ ಮೂಗನ್ನು ಹೊತ್ತುಕೊಂಡು ಮೈಸೂರಿನಿಂದ ಮದುವೆಯಾಗಿ ಬಂದದ್ದು ಚೆನ್ನೈಗೆ, ಅದೂ ವೆಸ್ಟ್ ಮಾಂಬಲಂನ ಒಂದು ಇಕ್ಕಟ್ಟು ಗಲ್ಲಿಗೆ. ಕಿಟಕಿಯ ಕೆಳಗೇ ಕಸದ ತೊಟ್ಟಿ. ಮೂಲೆಯಲ್ಲಿ ತರಕಾರಿ ಅಂಗಡಿಯವನು ಸುರಿಯುವ ಕೊಳೆತ ಎಲೆಕೋಸು. ಮಳೆ ಬಂತೆಂದರೆ ಚರಂಡಿ ನೀರು ಮೆಟ್ಟಿಲ ತನಕ ಬಂದು ನಮ್ಮನ್ನು ವಿಚಾರಿಸಿಕೊಂಡು ಹೋಗುತ್ತದೆ. ಥೂ!

ಈ ಊರಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಕರಿದ ಹಪ್ಪಳ ತಟ್ಟೆಗೆ ಬೀಳುವಷ್ಟರಲ್ಲಿ ಮೆತ್ತಗಾಗುತ್ತದೆ. ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಇಂಥಲ್ಲಿ ದುಡ್ಡು ಕೊಟ್ಟು ಗಾಳಿಗೆ ತೇವ ಸೇರಿಸುವ ಯಂತ್ರ ತಂದ ಮನೆ ಯಾವುದಾದರೂ ಇದ್ದರೆ ಅದು ನಮ್ಮದು. ಹ್ಯೂಮಿಡಿಫೈಯರ್ ಅಂತ ಅದರ ಹೆಸರು. ನೀರಿನ ತೊಟ್ಟಿ, ಅದರ ಮೇಲೊಂದು ಮೂತಿ, ಮೂತಿಯಿಂದ ತಣ್ಣನೆಯ ಹಬೆ. ಮಾವ ಅದನ್ನು ಹಬೆ ಡಬ್ಬಿ ಅಂದರು, ಮನೆಯಲ್ಲಿ ಅದೇ ಹೆಸರು ನಿಂತಿತು. ಅದು ಬಂದದ್ದೂ ಮಾವನ ಮೂಗಿಗೋಸ್ಕರವೇ.

ಮಾವ, ಅಂದರೆ ನನ್ನ ಗಂಡನ ಅಪ್ಪ, ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಈ ಊರಿಗೆ ಬಂದು ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ತಲೆ ನರೆಸಿಕೊಂಡವರು. ಅಲ್ಲಿ ಎಲ್ಲರಿಗೂ ಅವರು ಭಟ್ಟರು. ಅವರ ಅಡುಗೆಗೆ ಒಂದು ಕಟ್ಟುಪಾಡು ಇತ್ತು. ಬಡಿಸುವ ಮೊದಲು ಅಡುಗೆಯವನು ರುಚಿ ನೋಡಬಾರದು, ನೋಡಿದರೆ ಇಡೀ ಕೊಪ್ಪರಿಗೆ ಎಂಜಲು. ಹಾಗಾದರೆ ಉಪ್ಪು ಹುಳಿ ತಿಳಿಯುವುದು ಹೇಗೆ? ಮೂಗಿನಿಂದ. ಮುಚ್ಚಳ ಓರೆ ಮಾಡಿ, ಏಳುವ ಹಬೆಯನ್ನು ಒಮ್ಮೆ ಎಳೆದುಕೊಂಡು, 'ಉಪ್ಪು ಒಂದು ಹಿಡಿ' ಅನ್ನುತ್ತಿದ್ದರು. ಹಾಕಿದರೆ ಸರಿಯಾಗಿರುತ್ತಿತ್ತು. ಮನೆಯಲ್ಲಿ ನಾನು ಸಾರು ಕುದಿಸುವಾಗ ಸೌಟನ್ನು ನೆಕ್ಕಿ ನೋಡಿದರೆ ಅವರು ಮುಖ ಆಚೆ ತಿರುಗಿಸುತ್ತಿದ್ದರು. ಆ ತಿರುಗಿದ ಕುತ್ತಿಗೆಯೇ ಸಾಕು.

ಒಂದು ಸಲ ಊರಿಗೆಲ್ಲ ಬಂದ ಜ್ವರ ಅವರಿಗೂ ಬಂತು. ಜ್ವರ ಹೋಯಿತು, ಹೋಗುವಾಗ ಅವರ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮಲ್ಲಿಗೆಯೂ ಇಲ್ಲ, ಮೋರಿಯೂ ಇಲ್ಲ. ಹಾಗೇ ಕೆಲಸಕ್ಕೆ ಹೋದರು. ಒಂದು ದಿನ ಸಾಂಬಾರು ಉಪ್ಪು ಕಷಾಯ. ಇನ್ನೊಂದು ದಿನ ಸಾರಿಗೆ ಉಪ್ಪೇ ಇಲ್ಲ. ಗಿರಾಕಿಗಳು ಬಟ್ಟಲು ವಾಪಸು ಕಳಿಸಿದರು. ಹೋಟೆಲಿನ ಯಜಮಾನರು ಒಳ್ಳೆಯವರು, ಪಕ್ಕಕ್ಕೆ ಕರೆದು ಹೇಳಿದರಂತೆ, "ಭಟ್ರೇ, ಒಂದು ಚಮಚ ಬಾಯಿಗೆ ಹಾಕಿ ನೋಡಿ. ಯಾರು ನೋಡ್ಲಿಕ್ಕೆ ಉಂಟು?"

"ನಾನು ನೋಡ್ತೇನಲ್ಲ" ಅಂದರಂತೆ ಮಾವ. ಹೆಗಲ ಮೇಲಿನ ಟವೆಲು ಕೊಡವಿ ಮನೆಗೆ ಬಂದುಬಿಟ್ಟರು. ಮೂಗು ಬಂದ ದಿನ ಬನ್ನಿ, ಒಲೆ ನಿಮ್ಮದೇ ಅಂತ ಯಜಮಾನರು ಹೇಳಿ ಕಳಿಸಿದ್ದರು. ಅಂದರೆ ಮೂಗು ಬಾರದಿದ್ದರೆ ಒಲೆ ಇಲ್ಲ. ಆಮೇಲೆ ಅವರು ನಡುಮನೆಯ ಕುರ್ಚಿಯಲ್ಲಿ, ಇಲ್ಲವೇ ತಮ್ಮ ಕೋಣೆಯ ಏಸಿಯಲ್ಲಿ ಕೂತೇ ಇದ್ದರು. ಕಾಫಿ ಕೊಟ್ಟರೆ ಮಾತ್ರೆ ನುಂಗುವವರ ಹಾಗೆ ಕುಡಿದು ಲೋಟ ಕೆಳಗಿಡುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಈ ಗಲ್ಲಿಯ ಹೊಲಸೆಲ್ಲ ನನ್ನ ಮೂಗಿಗೆ, ಬೇಕಾದವರ ಮೂಗಿಗೆ ಏನೂ ಇಲ್ಲ. ದೇವರ ಹಂಚಿಕೆಯೂ ರೇಷನ್ ಅಂಗಡಿಯ ಹಾಗೇ.

ಮೂಗಿನ ಡಾಕ್ಟರು ಎರಡು ಮಾತು ಹೇಳಿದರು. ಒಂದು, ಹಗಲೂ ರಾತ್ರಿ ಏಸಿಯಲ್ಲಿ ಕೂತು ಮೂಗು ಒಳಗೆ ಒಣಗಿ ಬಿರಿದಿದೆ, ಕೋಣೆಯಲ್ಲಿ ಸ್ವಲ್ಪ ತೇವ ಇರಲಿ. ಎರಡು, ಲವಂಗ, ನಿಂಬೆ, ಗುಲಾಬಿ, ನೀಲಗಿರಿ, ಇಂಥ ನಾಲ್ಕು ಪರಿಮಳಗಳನ್ನು ಬೆಳಿಗ್ಗೆ ಸಂಜೆ ನಿಧಾನವಾಗಿ, ಮನಸ್ಸಿಟ್ಟು ಮೂಸಿ ಅಭ್ಯಾಸ ಮಾಡಬೇಕು. ಬರಬಹುದು, ಬಾರದೆಯೂ ಇರಬಹುದು ಅಂದರು. ನನ್ನ ಗಂಡ ಡಬ್ಬಿ ತರಿಸಿದ. ಮಾವ ಎರಡು ಮಾತನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದರು.

ಮೊದಲು ಲವಂಗ. ಕುಟ್ಟಿ, ನೆನೆಸಿ, ಆ ನೀರನ್ನು ತೊಟ್ಟಿಗೆ ಸುರಿದರು. ಹಲ್ಲಿನ ಡಾಕ್ಟರ ಶಾಪಿನಲ್ಲಿ ಹಾಸಿಗೆ ಹಾಕಿಕೊಂಡ ಹಾಗಾಯಿತು. ಗೋಡೆಗೆ ಕಂದು ಚುಕ್ಕೆ, ಕಪಾಟಿನ ಬಾಗಿಲಿಗೆ ಜಿಗುಟು. ಆಮೇಲೆ ಯಾರದೋ ಮದುವೆಯಲ್ಲಿ ಉಳಿದ ಪನ್ನೀರಿನ ಬಾಟಲಿ. ಮನೆ ತುಂಬ ಮದುವೆ ಛತ್ರದ ಮಾರನೆಯ ದಿನದ ವಾಸನೆ, ಬಾಡಿದ ಹಾರ, ಒದ್ದೆ ಚಾಪೆ. ನಾನು ಹಲ್ಲು ಕಚ್ಚಿಕೊಂಡು ತೊಟ್ಟಿ ತೊಳೆದಿಟ್ಟೆ. ವಯಸ್ಸಾದವರು, ಹೋಗಲಿ ಅಂದುಕೊಂಡೆ.

ಆಮೇಲೆ ಒಂದು ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೇನೆ, ಮೊದಲ ಮಹಡಿಗೇ ಏನೋ ಬಂದು ಮುಖಕ್ಕೆ ಬಡಿಯಿತು. ಎದುರು ಮನೆಯ ಮಾಮಿ ಬಾಗಿಲಲ್ಲಿ ನಿಂತು, "ಎನ್ನಮ್ಮಾ, ಉಂಗಾತ್ತುಲೆ ಇನ್ನಿಕ್ಕಿ ಏದಾವದು ವಿಶೇಷಮಾ?" ಅಂದರು. ನಮ್ಮ ಮನೆಯಲ್ಲಿ ಇವತ್ತೇನಾದರೂ ವಿಶೇಷವೋ ಅಂತ ಅವರ ಪ್ರಶ್ನೆ. ಸೆರಗು ಮಾತ್ರ ಮೂಗಿನ ಮೇಲೇ ಇತ್ತು. ಬಾಗಿಲು ತೆಗೆದರೆ ನನ್ನ ಮಗಳು ಬಾಲ್ಕನಿಗೆ ಓಡಿಹೋಗಿ ಕಂಬಿ ಹಿಡಿದು ನಿಂತಿದ್ದಾಳೆ. "ಅಮ್ಮಾ, ಒರೇ ನಾತ್ತಂ!" ಅಂತ ಕೂಗಿದಳು, ಬರೀ ಗಬ್ಬು ನಾತ ಅಂತ ತಮಿಳಲ್ಲಿ. ಅವಳಿಗೆ ಸಿಟ್ಟು ಬಂದಾಗ ಕನ್ನಡ ಬರುವುದಿಲ್ಲ.

ಮಾವನ ಕೋಣೆಯಲ್ಲಿ ಬೆಳ್ಳನೆ ಹಬೆ. ಅದರೆದುರು ಅವರು ಕಣ್ಣು ಮುಚ್ಚಿ ಕೂತಿದ್ದಾರೆ.

"ಮಾವ, ಇದಕ್ಕೆ ಏನು ಹಾಕಿದ್ರಿ?"

"ಇಂಗು. ಗಟ್ಟಿ ಇಂಗು, ಬಿಸಿನೀರಲ್ಲಿ ಕದಡಿದ್ದು." ಕಣ್ಣು ಬಿಟ್ಟು ಆಸೆಯಿಂದ ನೋಡಿದರು. "ನಿನಗೆ ಬರ್ತಾ ಉಂಟಾ?"

"ನನಗಾ? ರೈಲ್ವೆ ಸ್ಟೇಷನ್ನಿಗೇ ಬರ್ತಿದೆ!"

"ನನಗೆ ಇಲ್ಲ ಮಾರಾಯ್ತಿ" ಅಂದರು.

ಬೈಯುವುದನ್ನು ಬಿಟ್ಟು ಡಬ್ಬಿಯ ಸ್ವಿಚ್ ಆರಿಸಿದೆ. ಆದರೆ ಹೇಸಿಗೆ ಉಳಿಯದೆ ಇರುತ್ತದೆಯೇ? ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಅನ್ನುತ್ತಾರೆ. ಅಡುಗೆಗಾದರೆ ಸರಿ. ನಮ್ಮ ದಿಂಬು, ಪರದೆ, ಮಗಳ ಸ್ಕೂಲ್ ಬ್ಯಾಗು, ನನ್ನ ಕೂದಲ ಬುಡ, ಎಲ್ಲಕ್ಕೂ ಒಗ್ಗರಣೆ ಬಿದ್ದಿತ್ತು. ಮರುದಿನ ಆಫೀಸಿನಲ್ಲಿ ಪಕ್ಕದ ಕುರ್ಚಿಯವಳು ಮೆಲ್ಲಗೆ ಕುರ್ಚಿ ಸರಿಸಿಕೊಂಡಳು. ನಾನೂ ನನ್ನಿಂದ ದೂರ ಸರಿಯುವ ಹಾಗಿದ್ದರೆ ಸರಿಯುತ್ತಿದ್ದೆ.

ಡಬ್ಬಿಯ ಜೊತೆ ಬಂದಿದ್ದ ಪುಸ್ತಕವನ್ನು ಅವತ್ತು ಪೂರ್ತಿ ಓದಿದೆ. ಡಾಕ್ಟರನ್ನೂ ಕೇಳಿದೆ. ತೊಟ್ಟಿಗೆ ಶುದ್ಧ ನೀರು ಬಿಟ್ಟು ಬೇರೇನೂ ಹಾಕಬಾರದು. ಎಣ್ಣೆಯಾಗಲಿ ಕಷಾಯವಾಗಲಿ, ಹಾಕಿದ್ದೆಲ್ಲ ಸಣ್ಣ ಹನಿಯಾಗಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ, ಯಂತ್ರವೂ ಹಾಳು. ಕೆಲವು ಡಬ್ಬಿಗಳಿಗೆ ಪರಿಮಳಕ್ಕೆಂದೇ ಬೇರೆ ಪುಟ್ಟ ತಟ್ಟೆ ಇರುತ್ತದೆ, ನಮ್ಮದಕ್ಕೆ ಇರಲಿಲ್ಲ. ಇಲ್ಲದಿದ್ದರೆ ಹತ್ತಿ ಉಂಡೆಗೆ ಒಂದೆರಡು ತೊಟ್ಟು ಎಣ್ಣೆ ಬಿಟ್ಟು, ಬಸಿಯಲ್ಲಿಟ್ಟು, ಡಬ್ಬಿಯಿಂದ ದೂರ ಇಡಬೇಕು. ಕಿಟಕಿ ಸ್ವಲ್ಪ ತೆರೆದಿರಬೇಕು. ಯಾರಿಗಾದರೂ ಕೆಮ್ಮು ಬಂದರೆ ಅದನ್ನೂ ತೆಗೆದುಬಿಡಬೇಕು. ಡಬ್ಬಿಯಲ್ಲಿ ನಿನ್ನೆಯ ನೀರು ಇವತ್ತು ಇರಬಾರದು, ದಿನಾ ಚೆಲ್ಲಿ, ಒರೆಸಿ, ಒಣಗಿಸಬೇಕು. ಆಗಾಗ ವಿನೆಗರ್ ಹಾಕಿ ತಿಕ್ಕಿ, ಆ ವಾಸನೆ ಹೋಗುವ ತನಕ ತೊಳೆಯಬೇಕು. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಇದನ್ನೆಲ್ಲ ಹೇಳಿದರೆ ಮಾವ ಒಪ್ಪಲಿಲ್ಲ. "ಹಬೆ ಇಲ್ಲದೆ ಪರಿಮಳ ಎಲ್ಲಿಂದ ಬರ್ಬೇಕು? ಹಬೆ ಏಳುವಲ್ಲಿ ಸಾಮಾನು ಹಾಕದೆ ಬಸಿಯಲ್ಲಿ ಇಡ್ಲಿಕ್ಕೆ ಅದೇನು ಉಪ್ಪಿನಕಾಯಿಯಾ?" ಅಂದರು. ಜೀವಮಾನವೆಲ್ಲ ಹಬೆಯ ಮುಂದೆ ನಿಂತವರಿಗೆ ಅದೇ ಸತ್ಯ. ಆದರೂ ನನ್ನ ಮುಖ ನೋಡಿ ಹೂಂ ಅಂದರು.

ಆಮೇಲೆ ಕೆಲವು ವಾರ ಮನೆಯಲ್ಲಿ ನಿಂಬೆಯ ಪರಿಮಳ. ಬೆಳಿಗ್ಗೆ ಬಸಿ ಅವರ ಮುಂದಿಟ್ಟರೆ ಹತ್ತಿಯನ್ನು ಮೂಗಿಗೆ ತಾಗಿಸುವಷ್ಟು ಬಗ್ಗಿ, ತುಂಬ ಹೊತ್ತು ಹಾಗೇ ಇದ್ದು, ತಲೆ ಆಡಿಸುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನಾನು ಬೇಡಿದ್ದು ಇಂಥದೊಂದು ಮನೆಯನ್ನೇ, ಒಳಗೆ ಕಾಲಿಟ್ಟರೆ ಉಸಿರು ತುಂಬ ಎಳೆದುಕೊಳ್ಳುವಂಥದು. ಸಿಕ್ಕಿದ ಮೇಲೆ ಅದೂ ಸೇರಲಿಲ್ಲ. ಅದರ ನಡುವೆ ಕೂತವರಿಗೇ ತಲುಪದ ಪರಿಮಳವನ್ನು ನಾನೊಬ್ಬಳೇ ಅನುಭವಿಸುವುದು, ಹಸಿದವರ ಮುಂದೆ ಊಟ ಮಾಡಿದ ಹಾಗೆ ಅಸಹ್ಯವಾಗುತ್ತಿತ್ತು.

ಅಷ್ಟರಲ್ಲಿ ಹೋಟೆಲಿಗೆ ಹೊಸ ಅಡುಗೆಯವರು ಬಂದರು ಅಂತ ಸುದ್ದಿ. ಅವರು ಸಾಂಬಾರನ್ನು ಅಂಗೈಗೆ ಸುರಿದುಕೊಂಡು ನೆಕ್ಕಿ ನೋಡುತ್ತಾರಂತೆ. ನನ್ನ ಗಂಡ ಇದನ್ನು ಊಟದ ಹೊತ್ತಿಗೇ ಹೇಳಬೇಕೇ? ಮಾವ ಮಜ್ಜಿಗೆಗೆ ಕಾಯದೆ ಎದ್ದು ಕೈ ತೊಳೆದರು.

ಅದಾದ ಮೇಲೆ ನಾನು ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದೆ, ಚಿಕ್ಕಮ್ಮನ ಮನೆಯ ಮದುವೆಗೆ. ಮದುವೆ, ಬೀಗರೂಟ ಎಲ್ಲ ಮುಗಿಸಿಕೊಂಡು ಬೆಳಗಿನ ರೈಲಿಗೆ ವಾಪಸು ಬಂದು ಬಾಗಿಲು ತೆಗೆಯುತ್ತಿದ್ದ ಹಾಗೇ ಗೊತ್ತಾಯಿತು. ಇಲಿ ಸತ್ತಿದೆ ಅಂದುಕೊಂಡೆ. ಅಲ್ಲ, ಇಲಿಗಿಂತ ಹುಳಿ. ಕೊಳೆ, ಹುಳಿ, ಅದರ ಹಿಂದೆ ಏನೋ ಸುಟ್ಟದ್ದು.

"ಏನು ವಾಸನೆ ಇದು?" ಅಂದೆ.

"ಏನೂ ಇಲ್ವಲ್ಲ" ಅಂದ ನನ್ನ ಗಂಡ. ಅವನ ಮೂಗಿಗೆ ಯಾವ ಕಾಯಿಲೆಯೂ ಇಲ್ಲ, ಉಪಯೋಗಿಸುವುದಿಲ್ಲ ಅಷ್ಟೆ.

ಚೀಲ ಅಲ್ಲೇ ಬಿಟ್ಟು ಮಾವನ ಕೋಣೆಗೆ ಹೋದೆ. ಡಬ್ಬಿ ಮೂಲೆಯಲ್ಲಿ ಕೆಟ್ಟು ನಿಂತಿತ್ತು. ಮುಚ್ಚಳ ತೆಗೆದೆ. ಅಯ್ಯೋ, ಆ ಹೊಲಸನ್ನು ಹೇಗೆ ಹೇಳಲಿ! ತಳದಲ್ಲಿ ಕಂದು ಲೋಳೆ, ಮೇಲೆ ಬಿಳಿ ಪೊರೆ, ಅಂಚಿನ ಸುತ್ತ ಕಪ್ಪು ಬೂಷ್ಟು. ಎತ್ತಿದಾಗ ಪೊರೆ ಹರಿಯಿತು, ಒಳಗಿನದು ಬುಳಕ್ಕನೆ ಉಸಿರು ಬಿಟ್ಟಿತು. ಮೂಗಿಗೇ ಗೊತ್ತಾಯಿತು, ಇದು ಮಾವನ ಕೆಲಸ. ಸಾಂಬಾರಿನ ಮಸಾಲೆಯನ್ನೇ ಹುರಿದು, ಕುದಿಸಿ, ಬಟ್ಟೆಯಲ್ಲಿ ಸೋಸಿ ಹಾಕಿದ್ದಾರೆ. ಡಬ್ಬಿ ಕಟ್ಟಿಕೊಂಡು ನಿಂತ ಮೇಲೆ ಅದನ್ನು ಹಾಗೇ ಮುಚ್ಚಿ, ಚೆನ್ನೈನ ಸೆಖೆಯಲ್ಲಿ ಬಿಟ್ಟುಬಿಟ್ಟಿದ್ದಾರೆ.

ತೊಟ್ಟಿಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದು ಬಚ್ಚಲಿಗೆ ಹೊರಟೆ. ನಡುಮನೆಯಲ್ಲಿ ಮಾವ ಪೇಪರ್ ಓದುತ್ತಿದ್ದರು. ಅವರನ್ನು ದಾಟುವಾಗ ಬಾಯಿ ತಡೆಯಲಿಲ್ಲ. "ಎಷ್ಟು ಸಲ ಹೇಳ್ಬೇಕು ಮಾವ ನಿಮಗೆ? ಇದನ್ನ ಉಸಿರಾಡಿದ್ರೆ ಮೂಗು ಬರೋದಿರ್ಲಿ, ಪ್ರಾಣಾನೇ ಹೋಗುತ್ತೆ!" ಅಂತ ಅವರ ಕಡೆ ತಿರುಗಿದ ರಭಸಕ್ಕೆ ಒಂದಿಷ್ಟು ಚೆಲ್ಲಿ ಅವರ ಕುರ್ಚಿಯ ಕಾಲಿಗೇ ಬಿತ್ತು.

ಮಾವ ತಲೆ ಹಿಂದಕ್ಕೆ ಎಳೆದುಕೊಂಡರು. ಪೇಪರ್ ಮೂಗಿಗೆ ಹೋಯಿತು. "ಇಶ್ಶಿ! ಎಂಥದು ಮಾರಾಯ್ತಿ ಅದು? ಆಚೆ ತಕೊಂಡು ಹೋಗು!"

ನಾನು ಆಚೆ ಹೋಗಲಿಲ್ಲ. ಅವರೂ ಅಲುಗಲಿಲ್ಲ. ಪೇಪರ್ ನಿಧಾನಕ್ಕೆ ಕೆಳಗಿಳಿಯಿತು.

"ಮಾವ, ಬಂತಾ?"

ಅವರು ಕುರ್ಚಿ ಹಿಡಿದುಕೊಂಡು ಎದ್ದು ಬಂದು, ನನ್ನ ಕೈಯಲ್ಲಿದ್ದ ಆ ತೊಟ್ಟಿಯ ಮೇಲೆ ಬಗ್ಗಿದರು. ಒಮ್ಮೆ ಎಳೆದುಕೊಂಡರು. ಮುಖ ಕಿವುಚಿತು. ಬಿಡಲಿಲ್ಲ, ಇನ್ನೊಮ್ಮೆ ಎಳೆದುಕೊಂಡರು. ಬೂಷ್ಟು ಒಳಗೆ ಹೋಗುತ್ತದೆ, ಸಾಕು ಅನ್ನಬೇಕಿತ್ತು ನಾನು.

"ಮೆಂತೆ" ಅಂದರು. ಆಮೇಲೆ ಯಾರ ಮೇಲೋ ಸಿಟ್ಟು ಬಂದವರ ಹಾಗೆ, "ಹೆಚ್ಚು ಹುರಿದುಬಿಟ್ಟಿದ್ದೇನೆ. ಕರಟಿದ್ದು ಗೊತ್ತಾಗ್ತಾ ಉಂಟು" ಅಂದರು.

ನನಗೆ ವಾಕರಿಕೆಯೂ ಅಳುವೂ ಒಟ್ಟಿಗೇ ಬಂದವು. "ಚೆಲ್ಲಿಬಿಡ್ಲಾ ಮಾವ?" ಅಂದೆ.

"ಚೆಲ್ಬೇಡ. ಹಿಡ್ಕೊಂಡಿರು" ಅಂದರು, ಮತ್ತೆ ಬಗ್ಗಿದರು.

ನನ್ನ ಎರಡೂ ಕೈಯಲ್ಲಿ ತೊಟ್ಟಿ ಇತ್ತು, ಮೂಗು ಮುಚ್ಚಿಕೊಳ್ಳಲು ಆಗಲಿಲ್ಲ. ಆ ಗಬ್ಬನ್ನು ಅವರ ಮುಖದ ಹತ್ತಿರಕ್ಕೆ ಇನ್ನಷ್ಟು ಎತ್ತಿ ಹಿಡಿದು, ನಾನೂ ಅದನ್ನೇ ಉಸಿರಾಡುತ್ತ ನಿಂತೆ.